ದುಡಿದು ಬಂದ ಕಾರ್ಡಿಗೆ ಎಷ್ಟು ಕೊಡಬಹುದು?

2022ರ ಸೆಪ್ಟೆಂಬರ್ ಎಂದರೆ ನಮ್ಮ ಚಿತ್ರದುರ್ಗ ಜಿಲ್ಲೆಯವರಿಗೆ ಮಾರಿಕಣಿವೆ ನೆನಪಾಗುತ್ತದೆ. 89 ವರ್ಷದ ನಂತರ ಅಲ್ಲಿನ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದ ತಿಂಗಳು ಅದು. ಅದೇ ತಿಂಗಳ 15ರ ಮಧ್ಯಾಹ್ನ ಎಥೀರಿಯಂ ಎಂಬ ಕ್ರಿಪ್ಟೋ ಕರೆನ್ಸಿ ತನ್ನ ವಹಿವಾಟು ದೃಢಪಡಿಸುವ ಪದ್ಧತಿಯನ್ನೇ ಬದಲಿಸಿತು. ಅಲ್ಲಿಯವರೆಗೆ ಗ್ರಾಫಿಕ್ಸ್ ಕಾರ್ಡ್‌ಗಳನ್ನು ಹಗಲೂ ರಾತ್ರಿ ಓಡಿಸಿ ಅದನ್ನು ಗಳಿಸುತ್ತಿದ್ದರು, ಇದಕ್ಕೇ ಮೈನಿಂಗ್ ಎನ್ನುವುದು. ಆ ಆದಾಯ ಒಂದೇ ದಿನಕ್ಕೆ ನಿಂತುಹೋಯಿತು. ಬಿಟ್‌ಕಾಯಿನ್ ಕಡೆ ಹೋಗೋಣವೆಂದರೆ ಅದಕ್ಕೆ ಬೇರೆಯದೇ ಯಂತ್ರ ಬೇಕು. ಮೇಲಾಗಿ ಆ ವರ್ಷದ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ನಮ್ಮೂರಿನ ವಾಟ್ಸ್‌ಆ್ಯಪ್ ಗುಂಪುಗಳವರೆಗೆ ಸೆಕೆಂಡ್ ಹ್ಯಾಂಡ್ ಕಾರ್ಡ್‌ಗಳು ಬಂದು ಬಿದ್ದವು.

ಅಕ್ಕನ ಮಗ ಹೊಸದುರ್ಗದಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತಾನೆ. ಆ ಡಿಸೆಂಬರ್‌ನಲ್ಲಿ ಅವನಿಗೆ ಆರ್‌ಟಿಎಕ್ಸ್ 3060 ಕಾರ್ಡ್ ಬೇಕಾಗಿತ್ತು. "ಮಾವ, ಹೊಸದಕ್ಕೆ ಮೂವತ್ತು ಸಾವಿರ ಐತೆ. ಇಲ್ಲೊಬ್ಬರು ಇಪ್ಪತ್ತಕ್ಕೆ ಕೊಡ್ತಾರಂತೆ, ಬರೀ ಗೇಮ್ ಆಡೋಕೆ ಬಳಸಿದ್ದಂತೆ" ಎಂದು ಫೋನ್ ಮಾಡಿದ. ಹತ್ತು ಸಾವಿರ ಉಳಿಯಿತಲ್ಲ ಎಂಬ ಖುಷಿ ಅವನ ದನಿಯಲ್ಲಿತ್ತು.

ನಾನು ಮೊದಲು ಗಂಟೆಗಳ ಲೆಕ್ಕ ಹಾಕಿಸಿದೆ. ಅವನು ದಿನಕ್ಕೆ ಐದು ಗಂಟೆ ಎಡಿಟಿಂಗ್ ಮಾಡಿದರೂ ವರ್ಷಕ್ಕೆ ಸುಮಾರು 1,800 ಗಂಟೆ. ಬಿಡುವಿಲ್ಲದೆ ಮೈನಿಂಗ್ ಮಾಡಿದ ಕಾರ್ಡ್ ವರ್ಷಕ್ಕೆ 8,760 ಗಂಟೆ ಓಡಿರುತ್ತದೆ. ಅವನ ಸುಮಾರು ಐದು ವರ್ಷದ ದುಡಿಮೆಯನ್ನು ಅದು ಒಂದೇ ವರ್ಷದಲ್ಲಿ ಮುಗಿಸಿರುತ್ತದೆ.

ಹಾಗೆಂದು ಅಂಥ ಕಾರ್ಡ್ ಸತ್ತೇಹೋಗಿದೆ ಎಂದು ತಿಳಿಯಬೇಕಿಲ್ಲ. ಪದೇಪದೇ ಕಾದು ಆರುವುದರಿಂದ ಬೆಸುಗೆಗೆ ಪೆಟ್ಟು ಬೀಳುತ್ತದೆ, ಆದರೆ ಮೈನಿಂಗ್‌ನಲ್ಲಿ ಶಾಖ ಹೆಚ್ಚೂಕಡಿಮೆ ಒಂದೇ ಸಮ ಇರುತ್ತದೆ. ಕರೆಂಟ್ ಬಿಲ್ ಉಳಿಸಲು ಮುಖ್ಯ ಚಿಪ್‌ನ ವೇಗವನ್ನು ಮೈನಿಂಗ್ ಮಾಡುವವರೇ ತಗ್ಗಿಸಿರುತ್ತಾರೆ. ಸವೆಯುವುದು ಫ್ಯಾನು, ಒಣಗುವುದು ಚಿಪ್ ಮೇಲಿನ ಪೇಸ್ಟು, ಬಳಲುವುದು ಮಿತಿಮೀರಿ ಓಡಿಸಿದ ಮೆಮೊರಿ. ನಮ್ಮ ಕಡೆ ಹಳೆ ಸಬ್‌ಮರ್ಸಿಬಲ್ ಮೋಟಾರ್ ಕೊಳ್ಳುವ ರೈತ ಎಷ್ಟು ವರ್ಷದ್ದು ಎಂದು ಕೇಳಿ ಸುಮ್ಮನಾಗುವುದಿಲ್ಲ, ರೀವೈಂಡಿಂಗ್ ಆಗಿದೆಯಾ ಎಂದು ಬಿಚ್ಚಿಸಿ ನೋಡುತ್ತಾನೆ. ಕಾರ್ಡಿಗೂ ಅಷ್ಟೇ ತಪಾಸಣೆ ಬೇಕು.

ಮಾರುವವರು ಚಿತ್ರದುರ್ಗದ ಬಸ್ ಸ್ಟ್ಯಾಂಡ್‌ಗೇ ತಂದುಕೊಡುತ್ತೇನೆ ಎಂದರು. ಓಡಿಸಿ ನೋಡದೆ ದುಡ್ಡು ಕೊಡುವುದಿಲ್ಲ ಎಂದು ಹೇಳಿ ಪರಿಚಯದ ಕಂಪ್ಯೂಟರ್ ಅಂಗಡಿಗೆ ಕರೆಸಿದೆವು. ರಿಪೇರಿ ಹುಡುಗ ಟಾರ್ಚ್ ಹಾಕಿ ಕಾರ್ಡನ್ನು ಓರೆಯಾಗಿ ಹಿಡಿದ. ಹಿಂಬದಿಯ ತಗಡಿನ ಅಂಚಿನಲ್ಲಿ ಎಣ್ಣೆ ಜಿನುಗಿದ ಕಲೆ. ಬಹುಕಾಲ ಕಾದ ಥರ್ಮಲ್ ಪ್ಯಾಡ್‌ನಿಂದ ಬಂದದ್ದು. ನಾಲ್ಕು ಸ್ಕ್ರೂಗಳ ಪೈಕಿ ಎರಡರ ತಲೆ ಸವೆದು ಕಪ್ಪು ಬಣ್ಣ ಹೋಗಿತ್ತು, ಒಂದರ ಮೇಲಿರಬೇಕಾದ ವಾರಂಟಿ ಸ್ಟಿಕ್ಕರ್ ಇರಲಿಲ್ಲ. ಬೆರಳಿನಿಂದ ತಿರುಗಿಸಿದರೆ ಒಂದು ಫ್ಯಾನ್ ಸಲೀಸಾಗಿ ಸುತ್ತಿತು, ಇನ್ನೊಂದು ಗರಗರ ಎಂದು ತಕ್ಷಣ ನಿಂತಿತು.

ಆಮೇಲೆ ಫರ್‌ಮಾರ್ಕ್ ಎಂಬ ಪರೀಕ್ಷಾ ತಂತ್ರಾಂಶ ಹಾಕಿ ಅರ್ಧ ಗಂಟೆ ಓಡಿಸಿದೆವು. ಚಿಪ್‌ನ ಸರಾಸರಿ ಶಾಖ 76 ಡಿಗ್ರಿ, ಅದರೊಳಗಿನ ಅತಿ ಬಿಸಿ ಜಾಗದ್ದು 102. ಇವೆರಡರ ನಡುವೆ 10–15 ಡಿಗ್ರಿ ಅಂತರ ಸಹಜ. 25 ದಾಟಿದರೆ ಪೇಸ್ಟ್ ಒಣಗಿದೆ ಅಥವಾ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ ಎಂದು ಅನುಮಾನಿಸಬೇಕು. ಜೋಗಿಮಟ್ಟಿ ಬೆಟ್ಟದ ಕಡೆಯಿಂದ ತಣ್ಣನೆ ಗಾಳಿ ಬೀಸುವ ಡಿಸೆಂಬರ್‌ನಲ್ಲಿ ಇಷ್ಟು. ಏಪ್ರಿಲ್‌ನಲ್ಲಿ ಹೊಸದುರ್ಗದ ಶೀಟ್ ಮನೆಯ ಕೋಣೆಯಲ್ಲಿ ಇದಕ್ಕೆ ಹತ್ತು ಡಿಗ್ರಿಯಾದರೂ ಕೂಡಿಸಿಕೊಳ್ಳಬೇಕು. ಚಿಪ್ 83ರ ಆಸುಪಾಸು ಮುಟ್ಟಿದರೆ ಈ ಕಾರ್ಡ್ ತಾನೇ ವೇಗ ಇಳಿಸುತ್ತದೆ. ಚಳಿಗಾಲದಲ್ಲಿ ಪಾಸಾದ ಕಾರ್ಡ್ ಬೇಸಿಗೆಯಲ್ಲಿ ಕೈಕೊಡುವುದು ಹೀಗೆ, ಬಯಲುಸೀಮೆಯವರು ಇದನ್ನು ಮರೆಯಬಾರದು.

ಬಿಲ್ ಕೇಳಿದರೆ ಇಲ್ಲ. ಇನ್ನೊಂದು ಬೇಕಾದರೆ ಇದೇ ಮಾಡೆಲ್ ನಾಲ್ಕು ಇವೆ ಎಂದರು. ಮನೆಯಲ್ಲಿ ಆಟ ಆಡುವವರ ಬಳಿ ಒಂದೇ ಬಗೆಯ ಐದು ಕಾರ್ಡ್ ಯಾಕಿರುತ್ತವೆ? ಫ್ಯಾನ್, ಪ್ಯಾಡ್, ಪೇಸ್ಟ್, ಕೂಲಿ ಸೇರಿ ಮೂರು ಸಾವಿರವಾದರೂ ಬೇಕಿತ್ತು. 23 ಸಾವಿರ ಸುರಿದು ವಾರಂಟಿ ಇಲ್ಲದ ಕಾರ್ಡ್ ಕೊಳ್ಳುವುದಕ್ಕಿಂತ 30 ಸಾವಿರದ ಹೊಸದೇ ಅಗ್ಗ. ನನ್ನ ಅಳತೆ ಇಷ್ಟೇ: ಬಿಲ್ಲೂ ವಾರಂಟಿಯೂ ಇಲ್ಲದಿದ್ದರೆ, ರಿಪೇರಿ ಖರ್ಚೂ ಸೇರಿ, ಹೊಸದರ ಅರ್ಧ ಬೆಲೆ ದಾಟಬಾರದು. ಅದನ್ನು ಅಲ್ಲೇ ಬಿಟ್ಟು ಬಂದೆವು.

ಕೊನೆಗೆ ಕೊಂಡದ್ದೂ ಮೈನಿಂಗ್ ಕಾರ್ಡೇ. ತುಮಕೂರಿನ ಹುಡುಗನೊಬ್ಬ ಫೋನಿನಲ್ಲೇ "ಮೈನಿಂಗ್‌ಗೆ ಹಾಕಿದ್ದೆ ಸರ್, ಎಂಟು ತಿಂಗಳು" ಎಂದ. ಡಬ್ಬ ಇತ್ತು, ಬಿಲ್ ಇತ್ತು, ಮೂರು ವರ್ಷದ ವಾರಂಟಿಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಬಾಕಿ ಇತ್ತು. ಅದನ್ನೂ ಅರ್ಧ ಗಂಟೆ ಓಡಿಸಿ, ಬಿಲ್‌ನ ಸೀರಿಯಲ್ ನಂಬರನ್ನು ಕಾರ್ಡಿನ ಮೇಲಿನದಕ್ಕೆ ಹೊಂದಿಸಿ ನೋಡಿ, ವಾರಂಟಿ ಎರಡನೆಯ ಮಾಲೀಕನಿಗೂ ಸಿಗುತ್ತದೆಯೇ ಎಂದು ಕಂಪನಿಯ ಸರ್ವಿಸ್ ಸೆಂಟರ್‌ಗೆ ಕೇಳಿ, 17 ಸಾವಿರ ಕೊಟ್ಟೆವು. ನಿಜ ಹೇಳಿದವನಿಗೆ ಅರ್ಧಕ್ಕಿಂತ ಹೆಚ್ಚು ಕೊಡಲು ನನಗೆ ಮನಸ್ಸೂ ಇತ್ತು, ಕಾಗದದ ಆಧಾರವೂ ಇತ್ತು.

ಇನ್ನೂ ಅಗ್ಗದ್ದು ಹುಡುಕುವವರಿಗೆ ಎರಡು ಮಾತು. ಆರ್‌ಎಕ್ಸ್ 580 ಎಂದು ಮಾರುವ ಕಾರ್ಡನ್ನು ಜಿಪಿಯು-ಜೆಡ್ ಎಂಬ ತಂತ್ರಾಂಶದಲ್ಲಿ ತೆರೆದು ನೋಡಿ: ಪೂರ್ತಿ ಕಾರ್ಡಿನಲ್ಲಿ 2,304 ಶೇಡರ್ ಇರುತ್ತವೆ, ಕಡಿಮೆ ದರ್ಜೆಯದರಲ್ಲಿ 2,048. ಪಿ106 ಎಂಬುದು ಮೈನಿಂಗ್‌ಗೆಂದೇ ತಯಾರಾದದ್ದು, ಮಾನಿಟರ್ ಜೋಡಿಸಲು ಅದರಲ್ಲಿ ಕಿಂಡಿಯೇ ಇಲ್ಲ.

ಹೊಸದಕ್ಕಿಂತ ಉಳಿದ 13 ಸಾವಿರದಲ್ಲಿ ಮೂರು ಸಾವಿರವನ್ನು ಫ್ಯಾನಿಗೆಂದೇ ತೆಗೆದಿಡಲು ಅಕ್ಕನ ಮಗನಿಗೆ ಹೇಳಿದೆ. ಲಗ್ನದ ಸೀಸನ್ ನಡುವೆ ಕಾರ್ಡ್ ನಿಂತರೆ ಗಿರಾಕಿ ಕಾಯುವುದಿಲ್ಲ. ಮಿಕ್ಕಿದ್ದರಲ್ಲಿ ಅವನು ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿಕೊಂಡ.