ಸಂದರ್ಶನ ಮತ್ತು ಪ್ರಭಾವಳಿ

ಉದ್ಯೋಗದ ಸಂದರ್ಶನವೆಂದೊಡನೆ ನಮ್ಮಲ್ಲಿ ಅನೇಕರ ನಾಲಗೆ ಒಣಗುತ್ತದೆ. ಆದರೆ ಎದುರಿಗೆ ಕುಳಿತವರ ತಕ್ಕಡಿಯೂ ದೋಷರಹಿತವಾದುದೇನಲ್ಲ. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದ ಅಮೆರಿಕದ ಮನೋವಿಜ್ಞಾನಿ ಥಾರ್ನ್‌ಡೈಕನು 1920ರಲ್ಲಿ ಒಂದು ವಿಚಿತ್ರವನ್ನು ಪ್ರಕಟಿಸಿದನು. ಮೈಕಟ್ಟಿಗೆ ಹೆಚ್ಚು ಅಂಕ ಪಡೆದವರಿಗೆ ಬುದ್ಧಿಗೂ ನಾಯಕತ್ವಕ್ಕೂ ಶೀಲಕ್ಕೂ ಸಾಮಾನ್ಯವಾಗಿ ಹೆಚ್ಚು ಅಂಕಗಳೇ ದೊರೆತಿದ್ದುವು! ಒಂದು ಗುಣದ ಬೆಳಕು ಉಳಿದವುಗಳ ಮೇಲೂ ಹರಡುವ ಈ ದೋಷವನ್ನು ‘ಪ್ರಭಾವಳಿ ಪರಿಣಾಮ’ವೆನ್ನಬಹುದು. ಆದುದರಿಂದ ಶುಭ್ರವಾದ ಉಡುಪು, ವೇಳೆಗೆ ಸರಿಯಾದ ಹಾಜರಿ, ಸ್ಪಷ್ಟವಾದ ಮೊದಲ ಮಾತು ಇವು ಅಲ್ಪವೆನಿಸಿದರೂ ಅಲ್ಪವಲ್ಲ. ಈ ಬೆಳಕಿಗೆ ನೆರಳೂ ಉಂಟು: ತಿಳಿಯದುದನ್ನು ತಿಳಿದಂತೆ ನಟಿಸಿ ಸಿಕ್ಕಿಬಿದ್ದವನ ಸರಿಯುತ್ತರಗಳನ್ನೂ ಪರೀಕ್ಷಕರು ಸಂಶಯದಿಂದಲೇ ಕೇಳುವರು. ಅರ್ಜಿಯಲ್ಲಿ ನಾವೇ ಬರೆದ ಪ್ರತಿಯೊಂದು ಮಾತೂ ಪ್ರಶ್ನೆಯಾಗಬಲ್ಲುದು. ಅದರ ನಕಲನ್ನು ಗೆಳೆಯನ ಕೈಗಿತ್ತು, ಅವನು ಕೇಳಿದುದಕ್ಕೆಲ್ಲ ಗಟ್ಟಿಯಾಗಿ ಉತ್ತರಿಸಿ ನೋಡೋಣ, ‘ತಿಳಿಯದು’ ಎಂಬ ಉತ್ತರವನ್ನೂ ಸೇರಿಸಿ.