3160ರ ಶಿಖರವನ್ನು ಅಳಿಸಬೇಡಿ

ಪ್ರಶ್ನೆ: ಮೇಡಂ, ನಾನು ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ಲ್ಯಾಬಿನಲ್ಲಿ 440 ಹರ್ಟ್ಜ್ ಚೌಕ ತರಂಗ ತಯಾರಿಸಿ ಅದರ ಸ್ಪೆಕ್ಟ್ರಮ್ ತೆಗೆಯಬೇಕಿತ್ತು. ಸ್ಯಾಂಪ್ಲಿಂಗ್ 8000 ಹರ್ಟ್ಜ್, 1024 ಸ್ಯಾಂಪಲ್. ಗೆರೆಗಳು ಚೂಪಾಗಿಲ್ಲ, ಬುಡದಲ್ಲಿ ಹರಡಿಕೊಂಡಿವೆ. ಮೊದಲನೆಯದು 440ರ ಬದಲು 437.5ರಲ್ಲಿದೆ. ಥಿಯರಿಯಲ್ಲಿಲ್ಲದ ಶಿಖರವೊಂದು 3160ರ ಹತ್ತಿರ ನಿಂತಿದೆ. ಸೀನಿಯರ್‌ಗಳ ರೆಕಾರ್ಡ್ ನೋಡಿ ಬರೆದುಬಿಡು ಅಂತಾರೆ ಗೆಳತಿಯರು. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು, ‘ಡಿಸ್ಕಷನ್’ ಬರೆಯಲು ಕೂತರೆ ಕೈಯೇ ಓಡುವುದಿಲ್ಲ. ಏನು ಮಾಡಲಿ?
– ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ಪ್ರಯೋಗ ಕೆಟ್ಟಿಲ್ಲ. ನೀವು ತಪ್ಪೆಂದು ಹೆದರಿರುವ ಹರಡಿದ ಗೆರೆ, 3160ರ ಶಿಖರ ಎಂಬ ಎರಡು ಸಂಗತಿಗಳೇ ಈ ರಿಪೋರ್ಟಿನ ಜೀವಾಳ. ಸೀನಿಯರ್ ರೆಕಾರ್ಡನ್ನು ಮುಚ್ಚಿಟ್ಟು ಕಂಪ್ಯೂಟರ್ ಮುಂದೆ ಇನ್ನೊಮ್ಮೆ ಕುಳಿತುಕೊಳ್ಳಿ.

8000ವನ್ನು 1024ರಿಂದ ಭಾಗಿಸಿದರೆ 7.8125. ಸ್ಪೆಕ್ಟ್ರಮ್ ತೆಗೆಯುವ ಎಫ್‌ಎಫ್‌ಟಿ ಲೆಕ್ಕ ಹಾಕುವುದು ಇಷ್ಟಿಷ್ಟು ಹರ್ಟ್ಜ್ ಅಂತರದ ಬಿಂದುಗಳಲ್ಲಿ (ಬಿನ್‌ಗಳಲ್ಲಿ) ಮಾತ್ರ. 440 ಅಂಥ ಬಿಂದುವಲ್ಲ; 437.5 ಮತ್ತು 445.3ರ ನಡುವೆ ಸಿಕ್ಕಿಕೊಂಡು ಶಕ್ತಿ ಅಕ್ಕಪಕ್ಕಕ್ಕೆ ಸೋರಿದೆ. ಈಗ 1000 ಸ್ಯಾಂಪಲ್ ತೆಗೆದುಕೊಳ್ಳಿ. ಅಂತರ ಸರಿಯಾಗಿ 8 ಹರ್ಟ್ಜ್ ಆಗಿ 440 ಅದರ 55ನೆಯ ಗುಣಕವಾಗುತ್ತದೆ. ಗೆರೆಗಳು ಚೂಪಾಗುತ್ತವೆ, ಆದರೆ 3160ರ ಶಿಖರ ಕದಲುವುದಿಲ್ಲ. ಅಂದರೆ ಅದರ ಕಾರಣ ಬೇರೆ.

ಚೌಕ ತರಂಗದ ಬೆಸ ಹಾರ್ಮೋನಿಕ್‌ಗಳಿಗೆ ಕೊನೆಯಿಲ್ಲ. ಹನ್ನೊಂದನೆಯದು 4840 ಹರ್ಟ್ಜ್; ಸ್ಯಾಂಪ್ಲಿಂಗಿನ ಅರ್ಧ 4000ವನ್ನು ಅದು ದಾಟಿದ್ದರಿಂದ ಮಡಚಿಕೊಂಡು 8000 – 4840 = 3160ರಲ್ಲಿ ಬಂದು ಕುಳಿತಿದೆ. ಇದು ಏಲಿಯಾಸಿಂಗ್. ಸಿನಿಮಾದಲ್ಲಿ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದೇ ಕಾರಣದಿಂದ. ಪರೀಕ್ಷೆ ಸುಲಭ: ರೆಡಿಮೇಡ್ ಚೌಕ ತರಂಗ ಬಿಟ್ಟು 440, 1320, 2200, 3080, 3960ರ ಸೈನ್‌ಗಳನ್ನು 1, 1/3, 1/5, 1/7, 1/9ರ ಅಳತೆಯಲ್ಲಿ ಕೂಡಿಸಿ. 3160 ಮಾಯ. ಆಗ ತರಂಗದ ಮೂಲೆಗಳು ಸ್ವಲ್ಪ ಮೇಲಕ್ಕೆ ಚಿಮ್ಮುತ್ತವೆ, ಗಾಬರಿ ಬೇಡ. ಅದು 1899ರಲ್ಲಿ ಗಿಬ್ಸ್ ವಿವರಿಸಿದ ವಿದ್ಯಮಾನ. ಎಷ್ಟು ಸೈನ್ ಸೇರಿಸಿದರೂ ಆ ಚಿಮ್ಮು ಕಿರಿದಾಗುತ್ತದೆಯೇ ಹೊರತು ಜಿಗಿತದ ಸುಮಾರು 9%ಕ್ಕಿಂತ ಕೆಳಗಿಳಿಯದು.

ಇನ್ನು ಬರವಣಿಗೆ. ಮೊದಲು ಕನ್ನಡದಲ್ಲೇ ಬರೆದುಕೊಳ್ಳಿ: ಏನು ಕಂಡಿತು, ಯಾಕಿರಬಹುದು ಅನ್ನಿಸಿತು, ಏನು ಬದಲಿಸಿದೆ, ಆಮೇಲೆ ಏನಾಯಿತು. ಇಂಗ್ಲಿಷಿಗೆ ತರುವಾಗ ಸಣ್ಣ ವಾಕ್ಯಗಳೇ ಸಾಕು. ವ್ಯಾಕರಣವನ್ನು ಯಾರಿಂದಲಾದರೂ ತಿದ್ದಿಸಿಕೊಳ್ಳಬಹುದು, ಈ ತರ್ಕವನ್ನು ನಿಮ್ಮ ಪರವಾಗಿ ಇನ್ನೊಬ್ಬರು ಬರೆಯಲಾರರು. ‘ಹ್ಯೂಮನ್ ಎರರ್’ ಎಂಬ ಪದ ಮಾತ್ರ ಎಲ್ಲೂ ಬೇಡ, ಅದು ಏನನ್ನೂ ಹೇಳುವುದಿಲ್ಲ.

ಸಬ್‌ಮಿಟ್ ಮಾಡುವ ಮೊದಲು 1024 ಸ್ಯಾಂಪಲಿನದು, 1000 ಸ್ಯಾಂಪಲಿನದು, ಸೈನ್ ಕೂಡಿಸಿದ್ದು – ಈ ಮೂರು ಗ್ರಾಫ್‌ಗಳನ್ನೂ ನಿಮ್ಮ ಮೇಷ್ಟ್ರಿಗೆ ತೋರಿಸಿ. ವೈವಾದಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅಲ್ಲೇ ಎದ್ದು ಬರುತ್ತವೆ. ಪ್ರತಿ ಗ್ರಾಫಿನ ಕೆಳಗೆ ಸ್ಯಾಂಪ್ಲಿಂಗ್ ದರ, ಸ್ಯಾಂಪಲ್ ಸಂಖ್ಯೆ ಬರೆಯಿರಿ. ಅಡ್ಡ ಅಕ್ಷದಲ್ಲಿ ಬಿನ್ ಸಂಖ್ಯೆಯಲ್ಲ, ಹರ್ಟ್ಜ್ ಇರಲಿ.