ಸಹಿಯಿಲ್ಲದ ಎರಡು ಸಾಲು

ಆ ಹೆಣ್ಣುಮಗಳು ನಮ್ಮ ಕಚೇರಿಗೆ ಬಂದದ್ದು 2009ರ ಮಳೆಗಾಲದಲ್ಲಿ. ಗಂಡ ನಮ್ಮಲ್ಲೇ ಜವಾನನಾಗಿದ್ದವನು, ಸೇವೆಯಲ್ಲಿರುವಾಗಲೇ ತೀರಿಕೊಂಡಿದ್ದ. ಕುಟುಂಬ ಪಿಂಚಣಿ, ಉಪದಾನದ ಕಡತ ಆಕ್ಷೇಪಣೆ ಹೊತ್ತು ಬೆಂಗಳೂರಿನಿಂದ ವಾಪಸು ಬಂದಿತ್ತು. ಆಕ್ಷೇಪಣೆ ನ್ಯಾಯವಾದದ್ದೇ. ಅವನ ಸೇವಾ ಪುಸ್ತಕದಲ್ಲಿ, ಅಂದರೆ ಎಸ್‌ಆರ್‌ನಲ್ಲಿ, 1998 ಮತ್ತು 1999ರ ವಾರ್ಷಿಕ ವೇತನ ಬಡ್ತಿಯ ಸಾಲುಗಳಿಗೆ ಅಧಿಕಾರಿಯ ಸಹಿ ಇರಲಿಲ್ಲ. ಮೂರು ತಿಂಗಳ ವೈದ್ಯಕೀಯ ರಜೆ ರಜೆಯ ಲೆಕ್ಕಕ್ಕೆ ಏರಿರಲಿಲ್ಲ.

"ಸಾರ್, ಆ ಎರಡು ವರ್ಷಾನೂ ಅವರು ದಿನಾ ಬಂದು ಕೆಲಸ ಮಾಡಿದ್ರು. ನೀವೇ ನೋಡಿದೀರಲ್ಲ?"

"ನೋಡಿದೀನಮ್ಮ" ಎಂದೆ. ಮುಂದೆ ಮಾತು ಹೊರಡಲಿಲ್ಲ. ಆ ಸಾಲುಗಳು ನನ್ನದೇ ಅಕ್ಷರ. ಆಗ ಸಿಬ್ಬಂದಿ ಶಾಖೆಯ ವಿಷಯ ನಿರ್ವಾಹಕ ನಾನು. ಸಾಹೇಬರು ಪ್ರವಾಸದಲ್ಲಿದ್ದಾರೆ, ಬಂದ ಮೇಲೆ ಎಲ್ಲ ಪುಸ್ತಕಗಳನ್ನೂ ಒಟ್ಟಿಗೆ ಇಟ್ಟು ಸಹಿ ಮಾಡಿಸೋಣವೆಂದು ಬೀರುವಿನಲ್ಲಿಟ್ಟಿದ್ದೆ. ಸಾಹೇಬರಿಗೆ ವರ್ಗವಾಯಿತು, ಪುಸ್ತಕ ಅಲ್ಲೇ ಉಳಿಯಿತು.

ಸರಿಪಡಿಸಲು ಹನ್ನೊಂದು ತಿಂಗಳು ಹಿಡಿಯಿತು. ವೇತನ ಬಿಲ್ಲುಗಳ ಕಚೇರಿ ಪ್ರತಿ, ಹಾಜರಿ ಪುಸ್ತಕ, ಹೀಗೆ ದಾಖಲೆ ಕೊಠಡಿಯಲ್ಲಿ ಗೆದ್ದಲು ಬಿಟ್ಟುಕೊಟ್ಟದ್ದನ್ನೆಲ್ಲ ಹುಡುಕಿದೆ. ರಜೆ ಮಂಜೂರಾತಿ ಆದೇಶ ಸಿಕ್ಕಿದ್ದು ಬೇರೊಬ್ಬರ ಕಡತದಲ್ಲಿ. ಅವುಗಳ ಆಧಾರದ ಮೇಲೆ ಹೊಸ ಅಧಿಕಾರಿ ಷರಾ ಬರೆದು ಸಹಿ ಹಾಕಿದರು. ಅಷ್ಟರಲ್ಲಿ ಆಕೆಯ ಹಿರಿಮಗ ಕಾಲೇಜು ಬಿಟ್ಟು ಗ್ಯಾರೇಜಿಗೆ ಸೇರಿಯಾಗಿತ್ತು.

ಅಂದಿನಿಂದ ನಿವೃತ್ತಿಯವರೆಗೂ ಒಂದು ಪದ್ಧತಿ ಬಿಡಲಿಲ್ಲ. ಜನವರಿ ಮತ್ತು ಜುಲೈ ಮೊದಲ ತಾರೀಖಿಗೆ 15 ದಿನಗಳಂತೆ ಗಳಿಕೆ ರಜೆ ಜಮೆ ಮಾಡಲು ಎಲ್ಲರ ಎಸ್‌ಆರ್ ಹೇಗೂ ತೆರೆಯಬೇಕು. ಆ ವಾರವೇ ಬಾಕಿ ನಮೂದು, ಬಾಕಿ ಸಹಿಗಳ ಪಟ್ಟಿ ಮಾಡಿ ಅಧಿಕಾರಿಯ ಮುಂದಿಡುತ್ತಿದ್ದೆ. ನೌಕರರನ್ನೂ ಒಬ್ಬೊಬ್ಬರಾಗಿ ಕರೆದು ಅವರ ಪುಸ್ತಕ ಅವರಿಗೇ ತೋರಿಸುತ್ತಿದ್ದೆ. ಇಪ್ಪತ್ತು ವರ್ಷ ಸೇವೆ ಮಾಡಿ ತಮ್ಮ ಎಸ್‌ಆರ್ ಒಮ್ಮೆಯೂ ನೋಡದವರಿದ್ದರು. ನಾಮನಿರ್ದೇಶನದಲ್ಲಿ ತೀರಿಹೋದ ತಾಯಿಯ ಹೆಸರೇ ಉಳಿದದ್ದನ್ನು ಕಂಡು ಒಬ್ಬರು ಅಲ್ಲೇ ಕುಳಿತು ಹೊಸ ನಮೂನೆ ತುಂಬಿದರು. ಜನ್ಮ ದಿನಾಂಕ ತಪ್ಪಿದೆ ಎಂದು ನಿವೃತ್ತಿಯ ಹೊಸ್ತಿಲಲ್ಲಿ ಬಂದವರಿಗೆ ಮಾತ್ರ ನಾನೇನೂ ಮಾಡಲಾಗಲಿಲ್ಲ. ಪುಸ್ತಕದಲ್ಲಿ ದಾಖಲಾದ ಮೂರು ವರ್ಷದೊಳಗೆ ತಿದ್ದುಪಡಿ ಕೇಳಬೇಕೆಂದು ರಾಜ್ಯ ನೌಕರರ ವಯಸ್ಸು ನಿರ್ಧರಿಸುವ 1974ರ ಕಾಯ್ದೆಯೇ ಹೇಳುತ್ತದೆ.

ಸಂಬಳ, ಸೇವಾ ವಿವರಗಳ ಕಂಪ್ಯೂಟರ್ ವ್ಯವಸ್ಥೆಯಾದ ಎಚ್‌ಆರ್‌ಎಂಎಸ್ ಬಂದ ಮೇಲೆ ಸಂಬಳದ ಬಿಲ್ಲು ಸಲೀಸಾಯಿತು, ನಿಜ. ಆದರೆ ಹಳೆಯ ಸೇವೆಯ ವಿವರವನ್ನು ಕಂಪ್ಯೂಟರಿಗೆ ಏರಿಸಿದ್ದು ಇದೇ ಪುಸ್ತಕ ನೋಡಿಕೊಂಡು. ಇಲ್ಲಿದ್ದ ತಪ್ಪು ಅಲ್ಲಿಗೂ ಹೋಯಿತು. ಪರದೆಯ ಮೇಲಿದೆ ಎಂದು ಮೂಲ ಆದೇಶದೊಡನೆ ತಾಳೆ ನೋಡುವುದನ್ನು ಬಿಟ್ಟವರನ್ನೂ ಕಂಡಿದ್ದೇನೆ.

ವರ್ಗಾವಣೆಯಾದಾಗ ಎಸ್‌ಆರ್ ತಪಾಲಿನಲ್ಲಿ ಹಾಕುವ ಬದಲು ಮುದ್ದಾಂ ಕಳಿಸಿ ಸ್ವೀಕೃತಿ ಪಡೆಯಬೇಕು. ಇದನ್ನು ಕಲಿಯಲೂ ಒಂದು ಪುಸ್ತಕ ಕಳೆದುಹೋಗಬೇಕಾಯಿತು.

ಒಳ್ಳೆಯ ಆಡಳಿತದ ಬಗ್ಗೆ ತರಬೇತಿಗಳಲ್ಲಿ ಬಹಳ ಕೇಳಿದ್ದೇನೆ. ನಾನು ಕಂಡದ್ದು ಇಷ್ಟು: ನಮೂದು ಬಾಕಿಯಿದ್ದಲ್ಲಿ ನೌಕರ ಕೈಕಟ್ಟಿ ನಿಲ್ಲುತ್ತಾನೆ, ಆಮೇಲೆ ಯಾರದೋ ಕೈ ಬೆಚ್ಚಗೆ ಮಾಡುತ್ತಾನೆ. ಸ್ವಂತ ಕಚೇರಿಯಲ್ಲೇ ಹೀಗೆ ನಿಂತವನು ನಾಳೆ ತನ್ನ ಮೇಜಿನೆದುರು ಬರುವ ರೈತನನ್ನೂ ಹಾಗೆಯೇ ನಿಲ್ಲಿಸುತ್ತಾನೆ.

ಸೇವೆಯಲ್ಲಿರುವ ಸ್ನೇಹಿತರಲ್ಲಿ ನನ್ನ ವಿನಂತಿ: ಈ ವಾರವೇ ಸಿಬ್ಬಂದಿ ಶಾಖೆಗೆ ಹೋಗಿ ನಿಮ್ಮ ಎಸ್‌ಆರ್ ಕೇಳಿ. ಪ್ರತಿ ನಮೂದಿನ ಎದುರು ಸಹಿ ಇದೆಯೇ ನೋಡಿ, ನಾಮನಿರ್ದೇಶನದಲ್ಲಿ ಯಾರ ಹೆಸರಿದೆ ಓದಿ. ಎಲ್ಲ ಪುಟಗಳ ಜೆರಾಕ್ಸ್ ಮಾಡಿಸಿ ಮನೆಯಲ್ಲಿಡಿ, ಎಲ್ಲಿಟ್ಟಿದ್ದೀರೆಂದು ಮನೆಯವರಿಗೆ ಹೇಳಿ.